ಹನ್ನೊಂದು ಗಂಟೆಗೆ ಗೊತ್ತಾಗುವ ತಿಂಡಿ

ಬೆಳಗಿನ ತಿಂಡಿ ಸರಿಯಾಗಿತ್ತೋ ಇಲ್ಲವೋ ಎಂದು ತಟ್ಟೆ ತೊಳೆಯುವಾಗ ಗೊತ್ತಾಗುವುದಿಲ್ಲ. ಯಾವ ತಿಂಡಿಯಾದರೂ ಆಗ ಹೊಟ್ಟೆ ತುಂಬಿಯೇ ಇರುತ್ತದೆ. ಹನ್ನೊಂದು ಗಂಟೆಗೆ ನೋಡಿಕೊಳ್ಳಿ. ಕಣ್ಣು ಎಳೆಯುತ್ತಿದೆಯೇ? ಸುಮ್ಮನೆ ಸಿಡುಕು ಬರುತ್ತಿದೆಯೇ? ಕೈ ತಾನಾಗಿ ಬಿಸ್ಕತ್ತಿನ ಡಬ್ಬಿ ಹುಡುಕುತ್ತಿದೆಯೇ?

ಒಂದೇ ಒಂದು ಬೆಳಗನ್ನು ಹಿಂಬಾಲಿಸಿ ನೋಡೋಣ. ರಾತ್ರಿ ಎಂಟಕ್ಕೆ ಊಟ, ಬೆಳಗ್ಗೆ ಆರಕ್ಕೆ ಎಚ್ಚರ. ಮಧ್ಯೆ ಹತ್ತು ಗಂಟೆ ಏನೂ ತಿಂದಿಲ್ಲ. ಲಿವರ್‌ನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟಿರುವ ಗ್ಲೂಕೋಸ್ ಹೆಚ್ಚೆಂದರೆ 100 ಗ್ರಾಂ ಆಸುಪಾಸು. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಏಳುವ ಹೊತ್ತಿಗೆ ದಾಸ್ತಾನು ಸಾಕಷ್ಟು ಕರಗಿರುತ್ತದೆ. ಆದರೂ ಎದ್ದ ಕೂಡಲೇ ಹಸಿವಾಗದಿರುವುದು ರೋಗವೇನಲ್ಲ. ದೇಹದ ಗಡಿಯಾರದಲ್ಲಿ ಹಸಿವು ಬೆಳಗ್ಗೆ ಮಂದ, ಸಂಜೆ ಜೋರು. ಎದ್ದು ಒಂದೂವರೆ ಗಂಟೆ ಬಿಟ್ಟು ತಿಂದರೂ ನಡೆಯುತ್ತದೆ, ಬಲವಂತವಾಗಿ ತುರುಕಿಕೊಳ್ಳಬೇಕಾಗಿಲ್ಲ.

ಈಗ ಏಳೂವರೆ. ಜಾಮ್ ಹಚ್ಚಿದ ಎರಡು ಬ್ರೆಡ್ಡು, 200 ಮಿಲಿ ಹಣ್ಣಿನ ರಸ, ಎರಡು ಚಮಚ ಸಕ್ಕರೆಯ ಕಾಫಿ ಎಂದಿಟ್ಟುಕೊಳ್ಳಿ. ರಸದಲ್ಲಿ 20 ಗ್ರಾಂ, ಜಾಮಿನಲ್ಲಿ 10, ಕಾಫಿಯಲ್ಲಿ 8ರಿಂದ 10. ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ಸುಮಾರು 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಮನೆಯಲ್ಲೇ ಹಿಂಡಿದ ರಸವೂ ಆ ಲೆಕ್ಕಕ್ಕೇ ಸೇರುತ್ತದೆ. ರಕ್ತದ ಸಕ್ಕರೆ ಒಂದು ಗಂಟೆಯೊಳಗೆ ಮೇಲೇರುತ್ತದೆ, ಇನ್ಸುಲಿನ್ ಅದನ್ನು ಎಳೆದು ಇಳಿಸುತ್ತದೆ. ಕೆಲವರಲ್ಲಿ ಎರಡು ಮೂರು ಗಂಟೆ ಕಳೆದ ಮೇಲೆ ಮೊದಲಿದ್ದುದಕ್ಕಿಂತಲೂ ಕೆಳಗೆ ಜಾರುತ್ತದೆ. ಹನ್ನೊಂದರ ಬಿಸ್ಕತ್ತಿನ ಮೂಲ ಇಲ್ಲಿದೆ.

ಇದೇ ಹೊತ್ತಿಗೆ ಇನ್ನೊಂದು ತಟ್ಟೆ: 200 ಮಿಲಿ ಹಾಲಿನಲ್ಲಿ ಬೇಯಿಸಿದ 40 ಗ್ರಾಂ ಓಟ್ಸ್, ಒಂದು ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ ಒಂದು ಸೇಬು, 15 ಗ್ರಾಂ ಬಾದಾಮಿ. ಪ್ರೋಟೀನ್ 20 ಗ್ರಾಂ ದಾಟುತ್ತದೆ, ನಾರಿನಂಶ 10ರ ಹತ್ತಿರ ಬರುತ್ತದೆ. ದಿನಕ್ಕೆ ಬೇಕಾದ 25–30 ಗ್ರಾಂ ನಾರಿನಲ್ಲಿ ಮೂರನೇ ಒಂದು ಭಾಗ ಬೆಳಗ್ಗೆಯೇ ಮುಗಿಯಿತು. ಓಟ್ಸ್‌ನ ಬೀಟಾ ಗ್ಲೂಕಾನ್ ಎಂಬ ನಾರು ನೀರು ಹೀರಿ ಲೋಳೆಯಾಗಿ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಕೊಳ್ಳುವಾಗ ಪೊಟ್ಟಣ ತಿರುಗಿಸಿ 100 ಗ್ರಾಂಗೆ ಸಕ್ಕರೆ ಎಷ್ಟೆಂದು ಓದಿ. ಸಾದಾ ಓಟ್ಸ್‌ನಲ್ಲಿ ಅದು ಬಹಳ ಕಡಿಮೆ, ರುಚಿ ಬೆರೆಸಿದ್ದರಲ್ಲಿ ಹಲವು ಪಟ್ಟು ಇರಬಹುದು.

ಮೊಟ್ಟೆಯನ್ನು ಕುದಿಯುವ ನೀರಿಗೆ ಬಿಟ್ಟು 10 ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ. ಹೆಚ್ಚು ಬೆಂದರೆ ಹಳದಿಯ ಸುತ್ತ ಬೂದು ಹಸಿರಿನ ಗೆರೆ ಮೂಡುತ್ತದೆ. ಬಿಳಿ ಭಾಗದ ಗಂಧಕ ಹಳದಿಯ ಕಬ್ಬಿಣದೊಂದಿಗೆ ಕೂಡಿದ ಗುರುತು ಅದು. ತಿಂದರೆ ಏನೂ ಆಗದು, ಆದರೆ ಹಳದಿ ಪುಡಿಪುಡಿಯಾಗಿ ಒಣಗಿರುತ್ತದೆ.

ಮೊಟ್ಟೆ ತಿನ್ನದವರಿಗೆ ಕಡಲೆಕಾಳು ಸಾಕು. 40 ಗ್ರಾಂ ಒಣ ಕಾಳನ್ನು 8 ಗಂಟೆ ನೆನೆಸಿ ಬೇಯಿಸಿದರೆ ಸುಮಾರು 100 ಗ್ರಾಂ ಆಗುತ್ತದೆ. ಅದರಲ್ಲಿ ಪ್ರೋಟೀನ್ 8–9 ಗ್ರಾಂ, ನಾರು 7ರಷ್ಟು. ಬೆಳಗ್ಗೆ ಬೇಯಿಸಲು ಹೊರಟರೆ ಎರಡನೇ ದಿನಕ್ಕೇ ಕೈಬಿಡುತ್ತೀರಿ. ರಾತ್ರಿಯೇ ಬೇಯಿಸಿ, ನೀರು ಬಸಿದು, ಫ್ರಿಜ್ಜಿನಲ್ಲಿಟ್ಟರೆ ಮೂರು ದಿನಕ್ಕೆ ಬರುತ್ತದೆ. ಕಾಳಿಗೆ ಇನ್ನೊಂದು ಗುಣವಿದೆ: ಬೆಳಗ್ಗೆ ತಿಂದರೆ ಮಧ್ಯಾಹ್ನದ ಊಟದ ನಂತರವೂ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಮೈಗೂಡುತ್ತದೆ. ಜೊತೆಗೇ ಚಹಾ ಕುಡಿದರೆ ಆ ಲಾಭ ಹೋಯಿತು. ಒಂದು ಗಂಟೆ ಅಂತರವಿರಲಿ.

ತಿಂಡಿ ತಿಂದರೆ ತೂಕ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. 2019ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ತಿಂಡಿ ತಿಂದವರೇ ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚು ತಿಂದಿದ್ದರು. ತಿಂಡಿ ತಿನ್ನುವುದರ ಉದ್ದೇಶ ಪೋಷಣೆ. ತೂಕ ಇಡೀ ದಿನದ ಲೆಕ್ಕ.

ಥೈರಾಯ್ಡ್ ಮಾತ್ರೆಯವರು ಅದನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿನ್ನಬೇಕು. ಅದಕ್ಕೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ನಡುವೆ 4 ಗಂಟೆಯ ಅಂತರ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಂಡು ತಿಂಡಿ ಬಿಟ್ಟರೆ ಅಪಾಯ. ಕೈ ನಡುಗಿ, ಬೆವರಿ, ರಕ್ತದ ಸಕ್ಕರೆ 70 mg/dLಗಿಂತ ಕೆಳಗಿದ್ದರೆ ಮೂರು ಚಮಚ, ಅಂದರೆ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಏರಿದ ಮೇಲೆ ತಿಂಡಿ.