ಶ್ರೀಮಂತರು ಪರಲೋಕಕ್ಕೆ ಹೋಗೋದೇ ಇಲ್ವಾ?

"ಶ್ರೀಮಂತರಿಗೆ ಸ್ವರ್ಗ ಇಲ್ಲ ಅಂತ ನಿಮ್ಮ ಬೈಬಲ್ಲಿನಲ್ಲೇ ಇದೆಯಂತಲ್ಲ. ಮತ್ತೆ ನಿಮ್ಮವರು ಯಾಕೆ ಆಸ್ತಿ ಮಾಡ್ತಾರೆ?" ನಾನು ಕ್ರೈಸ್ತ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರದ್ದು ತಪ್ಪಲ್ಲ. ಐಶ್ವರ್ಯವಂತ ದೇವರ ರಾಜ್ಯಕ್ಕೆ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಅಂತ ಯೇಸು ಹೇಳಿದ್ದು ನಿಜ.

ಈ ಮಾತನ್ನು ಮೆತ್ತಗೆ ಮಾಡಲು ನಮ್ಮ ಬೋಧಕರಲ್ಲಿ ಕೆಲವರು ಒಂದು ಕಥೆ ಹೇಳುತ್ತಾರೆ. ಯೆರೂಸಲೇಮಿನಲ್ಲಿ 'ಸೂಜಿಕಣ್ಣು' ಅನ್ನುವ ಗಿಡ್ಡ ಬಾಗಿಲು ಇತ್ತಂತೆ, ಒಂಟೆ ಹೊರೆ ಇಳಿಸಿ ಮಂಡಿಯೂರಿದರೆ ದಾಟಬಹುದಿತ್ತಂತೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಅನ್ನಲು ಆಧಾರವೇ ಇಲ್ಲ. ಇದ್ದಿದ್ದರೆ ಶಿಷ್ಯರು "ಹಾಗಾದರೆ ಯಾರಿಗೆ ರಕ್ಷಣೆಯಾದೀತು?", ಅಂದರೆ ಯಾರಿಗೆ ಮುಕ್ತಿ ಸಿಕ್ಕೀತು, ಅಂತ ಯಾಕೆ ಬೆಚ್ಚಿಬೀಳುತ್ತಿದ್ದರು? ಮನುಷ್ಯರಿಗೆ ಅಸಾಧ್ಯ, ದೇವರಿಗೆ ಸಾಧ್ಯ ಅಂತ ಯೇಸು ಉತ್ತರ ಕೊಟ್ಟ. ಮಾತು ಕಠಿಣವೇ, ಹಾಗೇ ಇರಲಿ.

ಆದರೆ ಯೇಸುವಿನ ಕಥೆ ಹೇಳುವ ಬೈಬಲ್ಲಿನ ಪುಸ್ತಕಗಳಲ್ಲಿ ಒಂದಾದ ಲೂಕನ ಸುವಾರ್ತೆಯಲ್ಲಿ ಈ ಒಂಟೆಯ ಮಾತು ಬರುವುದು 18ನೇ ಅಧ್ಯಾಯದಲ್ಲಿ. ನಿತ್ಯಜೀವ ಬೇಕು ಅಂತ ಬಂದ ಒಬ್ಬ ಸಾಹುಕಾರನಿಗೆ ಯೇಸು, ಇರುವುದನ್ನೆಲ್ಲ ಮಾರಿ ಬಡವರಿಗೆ ಹಂಚು ಅನ್ನುತ್ತಾನೆ. ಅವನಿಗೆ ಬೇಜಾರಾಗುತ್ತದೆ. ಹಾಳೆ ತಿರುಗಿಸಿದರೆ 19ನೇ ಅಧ್ಯಾಯ. ಅಲ್ಲಿ ಇನ್ನೊಬ್ಬ ಸಾಹುಕಾರ, ಯೆರಿಕೋ ಊರಿನ ಜಕ್ಕಾಯ. ಸುಂಕದವರ ಮುಖ್ಯಸ್ಥ, ಆಳು ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿ ಕೂತವನು. ಅವನು ತಾನಾಗಿ ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಯಾರಿಗಾದರೂ ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅನ್ನುತ್ತಾನೆ. ಮಿಕ್ಕ ಅರ್ಧ ಎಲ್ಲಿ ಅಂತ ಯೇಸು ಲೆಕ್ಕ ಕೇಳಲಿಲ್ಲ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಅಂದ.

ನನ್ನ ಉತ್ತರ ಇಲ್ಲೇ ಇದೆ. ದುಡ್ಡು ಎಷ್ಟಿದೆ ಅನ್ನುವುದಕ್ಕಿಂತ ಮೊದಲು, ಅದು ಹೇಗೆ ಬಂತು ಅನ್ನುವ ಪ್ರಶ್ನೆ ಬರುತ್ತದೆ. ಜಕ್ಕಾಯ ಸುಮ್ನೆ ದಾನ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಯಾರದ್ದನ್ನು ಕಸಿದಿದ್ದನೋ ಅವರಿಗೇ ವಾಪಸ್ ಕೊಡಲು ಹೊರಟ. ಬೈಬಲ್ಲಿನಲ್ಲೇ ಇರುವ ಯಾಕೋಬನ ಪತ್ರ ಇನ್ನೂ ಖಾರವಾಗಿದೆ. ಹೊಲ ಕೊಯ್ದವರ ಕೂಲಿಯನ್ನು ನೀವು ಹಿಡಿದುಕೊಂಡಿದ್ದೀರಿ, ಆ ಕೂಲಿ ಕೂಗಿಕೊಳ್ಳುತ್ತಿದೆ ಅನ್ನುತ್ತದೆ. ನಮ್ಮ ಚರ್ಚ್‌ಗಳಲ್ಲಿ ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವುದರ) ಬಗ್ಗೆ ಕೇಳಿದಷ್ಟು ಪ್ರಸಂಗಗಳನ್ನು, ಅಂದರೆ ಉಪದೇಶಗಳನ್ನು, ನಾನು ಕೂಲಿಯ ಬಗ್ಗೆ ಕೇಳಿಲ್ಲ.

ಹಾಗಂತ ದುಡಿಮೆಯನ್ನು ಯಾರೂ ಕೀಳು ಅಂದಿಲ್ಲ. ಕರಾವಳಿಯಲ್ಲಿ ಕ್ರೈಸ್ತರಾದ ಕಾರಣಕ್ಕೆ ಎಷ್ಟೋ ಜನ ಮನೆ, ಕಸುಬು ಎರಡನ್ನೂ ಕಳೆದುಕೊಂಡಿದ್ದರು. ಅಂಥವರಿಗೆ ಕೆಲಸ ಬೇಕು ಅಂತಲೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು.

ಕೊಡುವ ಖುಷಿ ನೋಡಬೇಕಾದರೆ ಬೆಳೆದದ್ದನ್ನು ಚರ್ಚಿಗೆ ತಂದು ದೇವರಿಗೆ ಅರ್ಪಿಸುವ ನಮ್ಮ ಬೆಳೆ ಹಬ್ಬಕ್ಕೆ ಬನ್ನಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಬಾಳೆಗೊನೆ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಊರ ಕೋಳಿ, ಯಾರದ್ದೋ ಮನೆಯ ಉಪ್ಪಿನಕಾಯಿ ಬಾಟ್ಲಿ. ಪೇಟೆಯಲ್ಲಿ ಐವತ್ತಕ್ಕೆ ಸಿಗುವ ಕುಂಬಳಕಾಯಿ ಇಲ್ಲಿ ಐನೂರಕ್ಕೆ ಹೋಗುತ್ತದೆ. ಕೊಂಡವರು ಅದನ್ನೇ ಮತ್ತೆ ಏಲಂಗೆ ಬಿಡುತ್ತಾರೆ! ಜಂಬವೂ ಸ್ವಲ್ಪ ಇರುತ್ತದೆ, ಇಲ್ಲ ಅನ್ನಲ್ಲ. ಎಷ್ಟೋ ಕಡೆ ಫ್ಯಾನಿನ ರೆಕ್ಕೆ ಮೇಲೂ ದಾನಿಗಳ ಹೆಸರು ಬರೆಸುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುವ ಪ್ರಸಂಗ ನಡೆಯುವುದು ಅದೇ ಫ್ಯಾನಿನ ಕೆಳಗೆ. ಕರೆಂಟ್ ಇದ್ದಾಗ ಹೆಸರು ಕಾಣಲ್ಲ, ಅದೊಂದೇ ಸಮಾಧಾನ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ಬಗೆಯ ಬೋಧನೆ ಕೇಳಿದಾಗ. ದೇವರಿಗೆ ನೂರು ಕೊಡು, ನೂರರಷ್ಟು ತಿರುಗಿ ಬರುತ್ತದೆ ಅನ್ನುವುದು. ಮಾರ್ಕನ ಸುವಾರ್ತೆಯಲ್ಲಿ 'ನೂರರಷ್ಟು' ಅನ್ನುವ ಮಾತು ಇದೆ, ಹೌದು. ಅದೇ ವಚನದಲ್ಲಿ, ಜೊತೆಗೆ ಹಿಂಸೆಗಳೂ ಬರುತ್ತವೆ ಅಂತಲೂ ಇದೆ. ಅಷ್ಟನ್ನು ಬಿಟ್ಟು ಓದುತ್ತಾರೆ. ಬಡವನಿಗೆ ನಂಬಿಕೆ ಕಮ್ಮಿ ಅನ್ನುವ ಅರ್ಥ ಬರುವ ಹಾಗೆ ಮಾತಾಡುತ್ತಾರೆ. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿ, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅಂತ ಯೇಸುವಿನಿಂದ ಹೊಗಳಿಸಿಕೊಂಡ ಬಡ ವಿಧವೆಗೆ ಏನು ಹೇಳುತ್ತಾರೋ!

ಇಷ್ಟಾದ ಮೇಲೆ ನಮ್ಮವರೇ ಕೇಳುವ ಪ್ರಶ್ನೆ ಒಂದಿದೆ. ದಶಮಾಂಶ ಲೆಕ್ಕ ಹಾಕುವುದು ಟ್ಯಾಕ್ಸ್ ಹಿಡಿಯುವ ಮುಂಚಿನ ಸಂಬಳಕ್ಕಾ, ಕೈಗೆ ಬಂದದ್ದಕ್ಕಾ? ಯೇಸುವಿನ ಸಂದೇಶ ಸಾರಿದ ಪೌಲನು ಕೊರಿಂಥ ಊರಿನ ಕ್ರೈಸ್ತರಿಗೆ ಬರೆದದ್ದು, ಪ್ರತಿಯೊಬ್ಬನೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಲಿ ಅಂತ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಎಣಿಸಿ ಕೊಟ್ಟು, ನ್ಯಾಯ ಮತ್ತು ಕರುಣೆಯನ್ನು ಬಿಟ್ಟವರನ್ನು ಯೇಸು ಚೆನ್ನಾಗಿ ಬೈದಿದ್ದಾನೆ. ಕೂಲಿಯ ವಿಷಯಕ್ಕೆ ಮಾತ್ರ ಬೈಬಲ್ಲಿನ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ ಗಡುವನ್ನೇ ಕೊಟ್ಟಿದೆ, ಆವತ್ತಿನ ಕೂಲಿ ಆವತ್ತೇ, ಸೂರ್ಯ ಮುಳುಗುವುದರೊಳಗೆ. ಹಾಗಾಗಿ ಟ್ಯಾಕ್ಸಿನ ಪ್ರಶ್ನೆ ಕೇಳಿದವರನ್ನು ನಾನು ಮೊದಲು ಕೇಳುವುದು, ಮನೆಕೆಲಸದವರಿಗೆ ಈ ತಿಂಗಳ ಸಂಬಳ ಕೊಟ್ಟಾಯಿತಾ ಅಂತ.