ಮಣಿಕಟ್ಟಿಗೆ ಇಳಿದ ನೀರು

ಹೋದ ಭಾನುವಾರ ತಂಗಿಯ ಮೊಮ್ಮಗನಿಗೆ ದೀಕ್ಷಾಸ್ನಾನವಾಯಿತು. ಮಗುವನ್ನು ಎತ್ತಿಕೊಂಡು ನಿಂತವಳು ನಾನು. ಪಾದ್ರಿಗಳು ಮೊದಲ ಸಲ ನೀರು ಹಾಕಿ "ತಂದೆಯ" ಎಂದರು. ಎರಡನೇ ಸಲ "ಮಗನ". ಮೂರನೇ ಸಲ "ಪವಿತ್ರಾತ್ಮನ ಹೆಸರಿನಲ್ಲಿ". ಆ ಮೂರನೇ ನೀರು ಮಗುವಿನ ತಲೆಯಿಂದ ಜಾರಿ ನನ್ನ ಮಣಿಕಟ್ಟಿಗೆ ಇಳಿಯಿತು. ತಣ್ಣಗಿತ್ತು. ತೋಳಿನೊಳಗೇ ಹರಿದು ಮೊಣಕೈವರೆಗೆ ಹೋಯಿತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಆಮೇಲೆ ಯಾವ ಗೀತೆ ಹಾಡಿದರು, ಯಾರು ಯಾರು ಬಂದಿದ್ದರು, ಒಂದೂ ನೆನಪಿಲ್ಲ. ಆ ನೀರು ನೆನಪಿದೆ. ಅದರ ಜೊತೆ ನನ್ನ ಅಜ್ಜಿ.

ಅಜ್ಜಿ ಬೆಳಿಗ್ಗೆ ಮುಖ ತೊಳೆದ ಮೇಲೆ ಒದ್ದೆ ಕೈಯಿಂದ ಹಣೆಗೆ ಮೂರು ಸಲ ನೀರು ಮುಟ್ಟಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ನಾನಿದ್ದರೆ ನನ್ನ ಹಣೆಗೂ. "ದಿನಾ ದೀಕ್ಷಾಸ್ನಾನ ತಗೊಳ್ತೀಯಾ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ. "ಅದು ಒಂದೇ ಸಲ ಮಗಾ. ಇದು ನೆನಪು ಮಾಡ್ಕೊಳ್ಳೋದು" ಎಂದಳು. ಪಾಪಗಳ ಕ್ಷಮೆಗಾಗಿ ಒಂದೇ ದೀಕ್ಷಾಸ್ನಾನ ಎಂಬ ಮಾತು ಆರಾಧನೆಯಲ್ಲಿ ಎಲ್ಲರೂ ಸೇರಿ ಹೇಳುವ ವಿಶ್ವಾಸ ಪ್ರಮಾಣದಲ್ಲೇ ಇದೆಯಲ್ಲ. ಅದನ್ನು ರೂಪಿಸಿದ 325ರ ನೈಸಿಯ ಸಭೆ, 381ರ ಕಾನ್‌ಸ್ಟಾಂಟಿನೋಪಲ್ ಸಭೆ, ಇವೆಲ್ಲ ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ಪ್ರಮಾಣ ಬಾಯಿಪಾಠವಿತ್ತು.

ತಂದೆ, ಮಗ, ಪವಿತ್ರಾತ್ಮ ಎಂದು ಮೂವರಾಗಿಯೂ ಒಬ್ಬನೇ ಆದ ತ್ರಯೇಕ ದೇವರ ಬಗ್ಗೆ ನನಗೆ ಮೊದಲ ಪಾಠ ಹೇಳಿದವಳೂ ಅವಳೇ. ಭಾನುವಾರದ ಶಾಲೆಯಲ್ಲಿ ನಮಗೆ ಮಂಜುಗಡ್ಡೆ, ನೀರು, ಆವಿಯ ಹೋಲಿಕೆ ಕೊಟ್ಟಿದ್ದರು. ಮೂರೂ ಒಂದೇ ನೀರು, ದೇವರೂ ಹಾಗೇ ಎಂದು. ನಾನು ಖುಷಿಯಿಂದ ಬಂದು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು. "ಗಡ್ಡೆ ಕರಗಿ ನೀರಾದ ಮೇಲೆ ಗಡ್ಡೆ ಎಲ್ಲಿರುತ್ತೆ? ಯೊರ್ದನ್ ಹೊಳೇಲಿ ಯೇಸುಗೆ ದೀಕ್ಷಾಸ್ನಾನ ಆದಾಗ ಹಾಗಿರಲಿಲ್ಲ. ಮಗ ನೀರಿಂದ ಮೇಲಕ್ಕೆ ಬರ್ತಿದ್ದ. ಆತ್ಮ ಪಾರಿವಾಳದ ಹಾಗೆ ಇಳೀತು. ತಂದೆ ಪರಲೋಕದಿಂದ ಮಾತಾಡಿದ. ಮೂವರೂ ಒಟ್ಟಿಗೇ ಇದ್ದರಲ್ವಾ?"

ಒಬ್ಬನೇ ದೇವರು ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ, ಒಮ್ಮೆ ಆತ್ಮನಾಗಿ ವೇಷ ಬದಲಿಸುತ್ತಾನೆ ಎಂಬ ಬೋಧನೆಯನ್ನು ಕ್ರೈಸ್ತ ಸಭೆ 3ನೇ ಶತಮಾನದಲ್ಲೇ ತಳ್ಳಿಹಾಕಿತ್ತು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಅಜ್ಜಿ ಯೊರ್ದನ್ ಹೊಳೆಯನ್ನು ಮನಸ್ಸಿಟ್ಟು ನೋಡಿದ್ದಳು, ಅಷ್ಟೇ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ, ತಂದೆ, ಮಗ, ಪವಿತ್ರಾತ್ಮನ ದೀಕ್ಷಾಸ್ನಾನ ಕೊಡಿರಿ ಎಂದು ಹೇಳುವಾಗ, ಯೇಸು ಸ್ವಾಮಿ "ಹೆಸರುಗಳಲ್ಲಿ" ಎನ್ನುವುದಿಲ್ಲ, "ಹೆಸರಿನಲ್ಲಿ" ಎನ್ನುತ್ತಾನೆ. ಮೂವರು, ಹೆಸರು ಒಂದೇ. ಇದನ್ನು ಪೂರ್ತಿ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಆ ಹೆಸರಿನೊಳಗೆ ನನ್ನನ್ನು ಕರೆದುಕೊಂಡಿದ್ದಾರೆ ಎಂಬುದು ಮಾತ್ರ ಗೊತ್ತು.

ಇನ್ನೊಂದು ಮಾತು. "ಈತನನ್ನು ನಾನು ಮೆಚ್ಚಿದ್ದೇನೆ" ಎಂದು ತಂದೆ ಹೇಳಿದ್ದು ಯಾವಾಗ? ಯೇಸು ಇನ್ನೂ ಒಬ್ಬ ಕುಷ್ಠರೋಗಿಯನ್ನೂ ಮುಟ್ಟಿರಲಿಲ್ಲ. ಒಂದು ಉಪದೇಶವನ್ನೂ ಕೊಟ್ಟಿರಲಿಲ್ಲ. ಪಾಪಿಗಳ ನಡುವೆ ಬಂದು ನೀರಿಗೆ ಇಳಿದಿದ್ದ, ಅಷ್ಟೇ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ಕೃಪೆಯಿಂದಲೇ, ನಂಬಿಕೆಯ ಮೂಲಕ ರಕ್ಷಣೆ, ಅದು ನಿಮ್ಮಿಂದ ಆದದ್ದಲ್ಲ ಎಂದು ಅಪೊಸ್ತಲ ಪೌಲ ಎಫೆಸದವರಿಗೆ ಬರೆದಾಗ ಇದನ್ನೇ ಅಲ್ವಾ ಹೇಳಿದ್ದು? ನನ್ನ ತೋಳಲ್ಲಿದ್ದ ಕೂಸು ಅರ್ಧ ನಿದ್ದೆಯಲ್ಲಿತ್ತು. ಅದು ಏನನ್ನೂ ಸಂಪಾದಿಸಿರಲಿಲ್ಲ.

ಈಗ ಅಜ್ಜಿಯ ದುಃಖ ಹೇಳಬೇಕು.

ಅವಳ ಚೊಚ್ಚಲ ಮಗು ನಾಲ್ಕು ದಿನ ಬದುಕಿತ್ತು. ದೀಕ್ಷಾಸ್ನಾನ ಕೊಡಿಸುವಷ್ಟರಲ್ಲಿ ಹೋಯಿತು. "ನೀರು ಬೀಳದ ಮಗು ದೇವರ ಮುಖ ನೋಡಲ್ಲ" ಎಂದು ಯಾರೋ ಅವಳಿಗೆ ಹೇಳಿದರು. ಹೆತ್ತು ವಾರವಾಗದ ತಾಯಿಗೆ! ಆ ಮಾತನ್ನು ಅವಳು ಎಷ್ಟು ವರ್ಷ ಹೊತ್ತಳೋ. ಮುಂದೆ ಐದು ಮಕ್ಕಳಾದರೂ ಆ ಒಂದು ಮಗುವಿನ ಭಾರ ಇಳಿಯಲಿಲ್ಲ.

ಅದು ಹಳೆಯ ಭಯ. ಹಾಗೆ ತೀರಿಕೊಂಡ ಕೂಸುಗಳಿಗೂ ದಂಡನೆ ಉಂಟು, ಆದರೆ ಎಲ್ಲಕ್ಕಿಂತ ಹಗುರವಾದದ್ದು ಎಂದು ಆದಿ ಸಭೆಯ ದೊಡ್ಡ ಬೋಧಕರಾದ ಸಂತ ಅಗಸ್ಟೀನರೇ ಬರೆದಿದ್ದರು. ಅವರ ತಾಯಿ ಮೋನಿಕಾ ಅಷ್ಟು ಭಕ್ತೆಯಾಗಿದ್ದರೂ ಅವರಿಗೆ ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಆಗಿರಲಿಲ್ಲ. ಕಾಯಿಲೆ ಬಿದ್ದಾಗ ಆಗುವುದರಲ್ಲಿತ್ತು, ಗುಣವಾದ ಮೇಲೆ ಮುಂದಕ್ಕೆ ಹೋಯಿತು. ಕೊನೆಗೆ 387ರ ಈಸ್ಟರ್‌ನಲ್ಲಿ, ಮಿಲಾನ್‌ನಲ್ಲಿ, ಅಲ್ಲಿನ ಬಿಷಪ್ ಸಂತ ಆಂಬ್ರೋಸರ ಕೈಯಿಂದ ಆಯಿತು. ಆಗ ಅವರಿಗೆ 32 ವಯಸ್ಸು. ಅಷ್ಟು ವರ್ಷ ತಮ್ಮನ್ನು ಕಾದ ದೇವರು ನಾಲ್ಕು ದಿನದ ಕೂಸನ್ನು ಕೈಬಿಡುತ್ತಾನೆಂದು ಅವರಿಗೆ ಹೇಗೆ ಅನ್ನಿಸಿತೋ. ದೊಡ್ಡವರ ಬಗ್ಗೆ ಹೀಗೆ ಬರೆಯಲು ಅಂಜಿಕೆಯಾಗುತ್ತದೆ. ಆದರೂ ಅಜ್ಜಿಯ ಕಣ್ಣು ನೋಡಿದವಳು ನಾನು.

ಅಜ್ಜಿಗೆ ಸಮಾಧಾನ ಸಿಕ್ಕಿದ್ದು ಒಂದು ಶುಭ ಶುಕ್ರವಾರ. ಲೂಕನ ಸುವಾರ್ತೆ ಓದುತ್ತಿದ್ದರು. ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಸ್ವಾಮಿ "ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ" ಎನ್ನುವ ಜಾಗ. ಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಆ ಕಳ್ಳನಿಗೆ ಯಾರು ಮಗಾ ನೀರು ಹಾಕಿದ್ದು?" ಎಂದಳು. ಮತ್ತೆ ಅದನ್ನೇ ಕೇಳಿದಳು. ಆಮೇಲೆ ಅತ್ತಳು, ತುಂಬ ಹೊತ್ತು. ಆ ರಾತ್ರಿ ತನ್ನ ಚೊಚ್ಚಲ ಮಗುವಿಗೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನು ನನಗೆ ಹೇಳಿದಳು. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ರಕ್ಷಣೆಯ ಬಗ್ಗೆ ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ಕಥೋಲಿಕ ಸಭೆಯ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಹಾಗಾದರೆ ನೀರು ಸುಮ್ನೆ ಶಾಸ್ತ್ರಕ್ಕಾ? ಖಂಡಿತ ಅಲ್ಲ. ಕಳ್ಳನಿಗೆ ಶಿಲುಬೆಯಿಂದ ಇಳಿಯಲು ಆಗಲಿಲ್ಲ. ನಮಗೆ ಕಾಲಿದೆ, ಎದುರಿಗೆ ನೀರಿದೆ. ಫಿಲಿಪ್ಪಿ ಪಟ್ಟಣದ ಸೆರೆಮನೆಯ ಯಜಮಾನ, ತನ್ನ ಸೆರೆಯಲ್ಲಿದ್ದ ಪೌಲ ಮತ್ತು ಅವನ ಜೊತೆಗಾರ ಸೀಲರ ಮುಂದೆ ನಡುಗುತ್ತ "ರಕ್ಷಣೆಗೆ ಏನು ಮಾಡಬೇಕು" ಎಂದು ಕೇಳಿದ. ಕರ್ತನಾದ ಯೇಸುವನ್ನು ನಂಬು ಎಂದರು. ಅವನು ಬೆಳಗಾಗುವವರೆಗೂ ಕಾಯಲಿಲ್ಲ. ಅದೇ ರಾತ್ರಿ ಅವರ ಗಾಯ ತೊಳೆದ, ಅದೇ ರಾತ್ರಿ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಹೊಂದಿದ. ಆ ಮನೆಯಲ್ಲಿ ಕೂಸುಗಳಿದ್ದವೋ ಇಲ್ಲವೋ ಎಂದು ಸಭೆಗಳು ಇಂದಿಗೂ ವಾದ ಮಾಡುತ್ತವೆ. ನಂಬಿ, ಬಾಯಿಂದ ಅರಿಕೆ ಮಾಡಿ, ಪೂರ್ತಿ ಮುಳುಗಿ ಏಳಬೇಕು ಎನ್ನುವವರ ಮಾತಿನಲ್ಲೂ ತೂಕವಿದೆ. ಕ್ರಿಸ್ತನ ಜೊತೆ ಹೂಣಿಡಲ್ಪಟ್ಟು ಅವನ ಜೊತೆ ಹೊಸದಾಗಿ ಬದುಕುವುದು ಎಂದು ಪೌಲ ರೋಮಾಪುರದವರಿಗೆ ಬರೆದದ್ದು ಮುಳುಗಿ ಎದ್ದವರಿಗೆ ಮೈಗೇ ಗೊತ್ತಾಗುತ್ತದೆ. ಆದರೆ ಸಭೆಯ ತೀರಾ ಹಳೆಯ ಕೈಪಿಡಿಯಾದ ದಿದಾಖೆ ಏನು ಹೇಳುತ್ತದೆ ನೋಡಿ: ಹರಿಯುವ ನೀರಾದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಅಷ್ಟೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಎಷ್ಟು ಮೃದು ಮನಸ್ಸು!

ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. "ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೆರವಾಗುತ್ತೀರಾ?" ಎಂದು ಪಾದ್ರಿಗಳು ಸಭೆಯನ್ನು ಕೇಳಿದಾಗ ಉತ್ತರ ಸರಿಯಾಗಿ ಕೇಳಿಸಲೇ ಇಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಫೋಟೋ ತೆಗೆಯಬಾರದು ಎನ್ನುತ್ತಿಲ್ಲ. ಆದರೆ ಆ ಒಂದು ಮಾತು ಕೊಡುವಾಗಲಾದರೂ ಕೈ ಕೆಳಗಿಳಿಸಬಹುದಲ್ವಾ? ದೇವರ ಮುಂದೆ ನಾವೆಲ್ಲ ಸೇರಿ ಆ ಮಗುವಿಗೆ ಕೊಟ್ಟ ಮಾತು ಅದು.

ನೀರು ಹಾಕುವ ಮುನ್ನ ಪಾದ್ರಿಗಳು ಮಗುವಿನ ಹೆಸರು ಕೇಳಿದ್ದರು. ನಾನೇ ಗಟ್ಟಿಯಾಗಿ ಹೇಳಿದೆ. ಅದರ ಬೆನ್ನಿಗೇ ಇನ್ನೊಂದು ಹೆಸರನ್ನು ತುಟಿಯೊಳಗೇ ಹೇಳಿಕೊಂಡೆ. ಅಜ್ಜಿ ಆ ಶುಕ್ರವಾರ ರಾತ್ರಿ ನನಗೆ ಹೇಳಿದ್ದ ಹೆಸರು.