ಆಲೆಮನೆಯಲ್ಲಿ ಸಿಕ್ಕಿಕೊಂಡ ನಲ್ಲಿ

ಹದಿನೈದು ದಿನಗಳ ಹಿಂದೆ ನಾವೇ ತಂದಿಟ್ಟುಹೋಗಿದ್ದ ನಾಲ್ಕು ಕ್ಯಾನುಗಳ ಪೈಕಿ ಮೊದಲನೆಯದರ ನಲ್ಲಿಯನ್ನು ಆಲೆಮನೆಯ ಯಜಮಾನರು ಎರಡು ಬೆರಳುಗಳಲ್ಲಿ ಹಿಡಿದು ಎಳೆದರು, ಅದು ಅಲುಗಲಿಲ್ಲ. ಕ್ಯಾನನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಇನ್ನೊಮ್ಮೆ ಎಳೆದರು. ಕೊನೆಗೆ ಗಾಣದ ಪಕ್ಕದಲ್ಲಿ ಬಿದ್ದಿದ್ದ ಇಕ್ಕಳವನ್ನು ತರಿಸಿ ಮೂತಿಗೆ ಹಾಕಿದಾಗ, ನಾನು ಮೂರು ತಿಂಗಳು ಕೂತು ನಕ್ಷೆ ಬರೆದು, ಲೇತಿನಲ್ಲಿ ಕಡೆಸಿ, ನೀರು ತುಂಬಿ ನೂರಾರು ಸಲ ಎಳೆದು ತಳ್ಳಿ ಪರೀಕ್ಷಿಸಿದ್ದ ಆ ಒಳಸರಿಯುವ ನಲ್ಲಿಯ ಅಂಚು ಪಟ್ಟನೆ ಮುರಿದು ಇಕ್ಕಳದ ಬಾಯಲ್ಲೇ ಉಳಿಯಿತು. ಯಜಮಾನರು ಅದನ್ನು ನನ್ನ ಅಂಗೈಗೆ ಹಾಕಿದರು, ಏನೂ ಹೇಳಲಿಲ್ಲ. ಅವರು ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಅಚ್ಚುಗಳ ವಿನ್ಯಾಸ ಮಾಡುವವನು. ಬಕೆಟ್ಟಿನ ಹಿಡಿ, ಬಾಟಲಿಯ ಮುಚ್ಚಳ, ಸ್ವಿಚ್ಚಿನ ಪೆಟ್ಟಿಗೆ, ಇಂಥವೇ ನನ್ನ ದಿನನಿತ್ಯದ ಕೆಲಸ. ಪಾಂಡವಪುರದ ಆಚೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳ ನಡುವೆ ಇರುವ ಈ ಆಲೆಮನೆಯವರು ಅಚ್ಚುಬೆಲ್ಲದ ಜೊತೆಗೆ, ಗಟ್ಟಿಯಾಗದೆ ದ್ರವವಾಗಿಯೇ ಉಳಿಯುವ ಜೋನಿಬೆಲ್ಲವನ್ನೂ ತಯಾರಿಸಿ 20 ಲೀಟರಿನ ಕ್ಯಾನುಗಳಲ್ಲಿ ಬೆಂಗಳೂರಿನ ಹೋಟೆಲುಗಳಿಗೆ, ಸಿಹಿತಿಂಡಿ ಮಾಡುವವರಿಗೆ ಕಳುಹಿಸುತ್ತಾರೆ. ಜೋನಿ ನೀರಿಗಿಂತ ಹೆಚ್ಚು ತೂಕದ್ದು. 20 ಲೀಟರಿನ ಕ್ಯಾನು ತುಂಬಿದಾಗ 27 ಕಿಲೋ ಆಗುತ್ತದೆ. ಅಷ್ಟು ಭಾರದ ಕ್ಯಾನನ್ನು ಬಗ್ಗಿಸಿ ಸುರಿಯುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲವಾದ್ದರಿಂದ ಅವರು ಕೆಳಭಾಗದಲ್ಲಿ ಸಾಧಾರಣ ನಲ್ಲಿಯನ್ನು ಕೂಡಿಸಿ ಕಳುಹಿಸಿ ನೋಡಿದ್ದರು. ಲಾರಿಯಲ್ಲಿ ಒತ್ತೊತ್ತಾಗಿ ಜೋಡಿಸಿದ ಕ್ಯಾನುಗಳ ನಡುವೆ ಹೊರಚಾಚಿದ ಆ ನಲ್ಲಿಗಳು ಒಂದೇ ಸರದಿಯಲ್ಲಿ ಹನ್ನೊಂದು ಮುರಿದು, ಲಾರಿಯ ಹಲಗೆಯ ಸಂದಿಗಳಿಂದ ಬೆಲ್ಲ ಹೆದ್ದಾರಿಯುದ್ದಕ್ಕೂ ಸುರಿದುಕೊಂಡು ಹೋಗಿತ್ತು. ಆಮೇಲೆ ನಲ್ಲಿಗಳನ್ನು ಬೇರೆ ಚೀಲದಲ್ಲಿ ಕಳುಹಿಸಿದರು. ಅಲ್ಲಿ ಬಿರಡೆ ಬಿಚ್ಚಿ ನಲ್ಲಿ ತಿರುಗಿಸುವ ಹೊತ್ತಿಗೆ ಅಡುಗೆಯವರ ಮೊಣಕೈವರೆಗೂ ಬೆಲ್ಲ. ಹೀಗಾಗಿ ಅವರು ನನ್ನ ಬಳಿ ಕೇಳಿದ್ದು ಒಂದೇ ಮಾತು: ಪ್ರಯಾಣದಲ್ಲಿ ಕ್ಯಾನಿನ ಒಳಗೆ ಇರಬೇಕು, ಬೇಕಾದಾಗ ಹೊರಗೆ ಬರಬೇಕು.

ನಲ್ಲಿಯನ್ನು ಗೋಡೆಯಲ್ಲೊಂದು ಗೂಡು ಮಾಡಿ ಅದರೊಳಗೆ ಖಾಯಂ ಆಗಿ ಕೂಡಿಸಿದರೆ ಸಾಲದೇ ಎಂದು ಮೊದಲು ನನಗೂ ಅನ್ನಿಸಿತ್ತು. ನಂಜನಗೂಡಿನ ಕಾರ್ಖಾನೆಗಳ ಅಂಗಳದಲ್ಲಿ ಕಾಣುವ, ಲೋಹದ ಪಂಜರದೊಳಗಿನ ಐಬಿಸಿ ಎಂದು ಕರೆಯುವ, ದ್ರವ ಸಾಗಿಸುವ 1000 ಲೀಟರಿನ ಬಿಳಿ ಟ್ಯಾಂಕುಗಳು ಹಾಗೆಯೇ ಇವೆ. ಅವುಗಳ ಎರಡು ಇಂಚಿನ ವಾಲ್ವು ಪಂಜರದ ಗೆರೆಯನ್ನು ದಾಟುವುದಿಲ್ಲ. ಆದರೆ ಅಲ್ಲಿ ವಾಲ್ವಿಗೆ ಕೊಳವೆ ಜೋಡಿಸಿ ಪಂಪಿಗೆ ಕೊಡುತ್ತಾರೆ. ನಮ್ಮಲ್ಲಿ ಪಾತ್ರೆ ಹಿಡಿಯುತ್ತಾರೆ. ಪಾತ್ರೆಗೆ ಕಂಠವಿದೆ, ಆ ಕಂಠ ಗೂಡಿನೊಳಗೆ ಹೋಗುವುದಿಲ್ಲ. ನಲ್ಲಿಯ ಬಾಯಿ ಗೋಡೆಯಿಂದ ಕನಿಷ್ಠ ಮೂರು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಬಂದು ಕೆಳಗೆ ಬಾಗದಿದ್ದರೆ ಅರ್ಧ ಬೆಲ್ಲ ಪಾತ್ರೆಗೆ, ಅರ್ಧ ಕ್ಯಾನಿನ ಹೊಟ್ಟೆಯ ಮೇಲೆ. ಒಳಗೂ ಇರಬೇಕು, ಹೊರಗೂ ಬರಬೇಕು ಎಂಬ ಹಠದ ಕಾರಣ ಇಷ್ಟೇ.

ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲವಿಟ್ಟು ದ್ರವ ತುಂಬುವ ವಿಧಾನವನ್ನು ವಿಲಿಯಂ ಶೋಲ್ ಎಂಬ ಅಮೆರಿಕದವರು 1955ರಲ್ಲಿ ರೂಪಿಸಿದ್ದು ಬ್ಯಾಟರಿಯ ಆಮ್ಲವನ್ನು ಅಪಾಯವಿಲ್ಲದೆ ಸಾಗಿಸಲು. ವೈನು ಅದರೊಳಗೆ ಬಂದದ್ದು ಆಮೇಲೆ, 1965ರಲ್ಲಿ, ಆಸ್ಟ್ರೇಲಿಯಾದ ಥಾಮಸ್ ಆಂಗೋವ್ ಅವರಿಂದ. ಈಗಿನ ಅಂಥ ಪೆಟ್ಟಿಗೆಗಳಲ್ಲಿ ನಲ್ಲಿ ರಟ್ಟಿನ ಹಿಂದೆ ಅಡಗಿರುತ್ತದೆ, ಚುಕ್ಕಿಗೆರೆಯ ಗುಂಟ ಹರಿದು ಅದನ್ನು ಹೊರಗೆಳೆದು ರಟ್ಟಿನ ಅಂಚಿಗೆ ಸಿಕ್ಕಿಸುತ್ತಾರೆ. ಒಳಸರಿಯುವ ನಲ್ಲಿಗೆ ಇದಕ್ಕಿಂತ ಸರಳವಾದ ಉತ್ತರ ನನಗೆ ಕಂಡಿಲ್ಲ. ಆದರೆ ಅಲ್ಲಿ ನಲ್ಲಿ ಸರಿದಾಡಲು ಸಾಧ್ಯವಾಗುವುದು ಅದರ ಹಿಂದಿರುವ ಚೀಲ ಮೆತ್ತಗಿರುವುದರಿಂದ. ದ್ರವ ಇಳಿದಂತೆ ಚೀಲವೂ ಕುಗ್ಗುವುದರಿಂದ ಒಳಗೆ ಗಾಳಿ ಬಿಡುವ ಗೋಜೂ ಇಲ್ಲ. ನಮ್ಮ ಕ್ಯಾನು ಗಟ್ಟಿ ಗೋಡೆಯದು, ತೊಳೆದು ಮತ್ತೆ ಮತ್ತೆ ತುಂಬಬೇಕಾದದ್ದು. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಆಗ ನಾನು ಸರಿಯಾಗಿ ತೂಗಿ ನೋಡಲಿಲ್ಲ.

ನನ್ನ ಮೊದಲ ವಿನ್ಯಾಸ ಕೊಳವೆಯೊಳಗೊಂದು ಕೊಳವೆ. ಹೊರಗಿನದು ಗೂಡಿನ ಹಿಂಗೋಡೆಗೆ ತಿರುಪಿನಿಂದ ಬಿಗಿಯಾಗಿ ಕೂತಿರುತ್ತದೆ. ಒಳಗಿನದು ಸೋರದಂತೆ ತಡೆಯುವ ಎರಡು ಸಿಲಿಕೋನ್ ಬಳೆಗಳ, ಅಂದರೆ ಓ-ರಿಂಗುಗಳ ನಡುವೆ 45 ಮಿಲಿಮೀಟರ್ ಸರಿಯುತ್ತದೆ. ಒಳಕೊಳವೆಯ ಪಕ್ಕಕ್ಕೆ ಕೊರೆದ ಕಿಂಡಿ ಪೂರ್ತಿ ಎಳೆದಾಗ ಮಾತ್ರ ದ್ರವಕ್ಕೆ ತೆರೆದುಕೊಳ್ಳುತ್ತದೆ, ತಳ್ಳಿದೊಡನೆ ಮುಚ್ಚಿಕೊಳ್ಳುತ್ತದೆ. ಮುಚ್ಚುವುದು ಬೇರೆ, ಒಳಗೆ ತಳ್ಳುವುದು ಬೇರೆ ಎಂಬ ಎರಡು ಕೆಲಸಗಳನ್ನು ಒಂದೇ ಚಲನೆಯಲ್ಲಿ ಮುಗಿಸಿದ್ದು ನನಗೆ ಬಹಳ ಹೆಮ್ಮೆಯ ವಿಷಯವಾಗಿತ್ತು. ಅಗಲ, ಎತ್ತರ 70 ಮಿಲಿಮೀಟರ್, ಆಳ 55 ಮಿಲಿಮೀಟರ್ ಇದ್ದ ಗೂಡು ಕ್ಯಾನಿನ ಒಳಗಿಂದ ಕಾಲು ಲೀಟರಿಗೂ ಸ್ವಲ್ಪ ಹೆಚ್ಚು ಜಾಗ ತಿನ್ನುತ್ತಿತ್ತು. ಅದನ್ನು ಎತ್ತರ ಹೆಚ್ಚಿಸಿ ಸರಿದೂಗಿಸಿದೆವು. ಕ್ಯಾನನ್ನು ಮಾಡುವುದು ಬಿಸಿಯಾದ ಪಾಲಿಥಿನ್ ಕೊಳವೆಯನ್ನು ಅಚ್ಚಿನೊಳಗೆ ಗಾಳಿಯಿಂದ ಊದಿ. ಗೂಡಿಗಾಗಿ ಅಚ್ಚಿನಲ್ಲಿ ಉಬ್ಬಿಸಿದ ಭಾಗ ಬಿಸಿ ಪ್ಲಾಸ್ಟಿಕ್ಕನ್ನು ಮೊದಲು ಮುಟ್ಟಿ ತಣ್ಣಗಾಗಿಸುವುದರಿಂದ, ಕೊನೆಗೆ ತಲುಪುವ ಸುತ್ತಲಿನ ಮೂಲೆಗಳಲ್ಲಿ ಗೋಡೆ ತೆಳುವಾಗುತ್ತದೆ. ಮೂಲೆಗಳನ್ನು ದುಂಡಗೆ ಮಾಡಿದಷ್ಟೂ ಒಳ್ಳೆಯದು. ಇದೆಲ್ಲ ನನಗೆ ಗೊತ್ತಿದ್ದ ವಿದ್ಯೆ. ನೀರು ತುಂಬಿದ ಕ್ಯಾನುಗಳನ್ನು 1.2 ಮೀಟರ್ ಎತ್ತರದಿಂದ ಸಿಮೆಂಟಿನ ನೆಲಕ್ಕೆ ಬೀಳಿಸಿದೆವು, ಒಂದು ಹನಿ ಬರಲಿಲ್ಲ. ಅದೇ ಉತ್ಸಾಹದಲ್ಲಿ ನಾಲ್ಕು ಕ್ಯಾನು ತೆಗೆದುಕೊಂಡು ಹೋಗಿ ಆಲೆಮನೆಯಲ್ಲಿ ಬಿಟ್ಟು ಬಂದಿದ್ದೆ.

ಮುರಿದ ಅಂಚನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ನನಗೆ ಕಂಡದ್ದು ಇರುವೆ. ಎರಡನೆಯ ಕ್ಯಾನಿನ ಗೂಡಿನಿಂದ ನೆಲಕ್ಕೆ, ನೆಲದಿಂದ ಸೋಗೆಯ ರಾಶಿಗೆ, ಸಣ್ಣ ಕೆಂಪಿರುವೆಗಳ ಸಾಲು ಅವಸರವಿಲ್ಲದೆ ಸಾಗುತ್ತಿತ್ತು. ಕ್ಯಾನಿನ ಹೊರಗೆ ತೇವವಿರಲಿಲ್ಲ, ಬೆರಳಿಟ್ಟರೆ ಅಂಟೂ ಇರಲಿಲ್ಲ. ನನ್ನ ಮಾಪಕಕ್ಕೆ ಆ ನಲ್ಲಿ ಸೋರುತ್ತಿರಲಿಲ್ಲ, ಇರುವೆಗಳಿಗೆ ಸೋರುತ್ತಿತ್ತು. ನಲ್ಲಿಯನ್ನು ಕ್ಯಾನಿನಿಂದ ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿ ಒಳಕೊಳವೆಯನ್ನು ಹೊರತೆಗೆದಾಗ ವಿಷಯ ತಿಳಿಯಿತು. ಪ್ರತಿ ಸಲ ಎಳೆದಾಗಲೂ ಒಳಕೊಳವೆ ತನ್ನ ಮೈಗೆ ಹತ್ತಿದ ಜೋನಿಯ ತೆಳುಪೊರೆಯನ್ನು ಓ-ರಿಂಗಿನಿಂದಾಚೆಗೆ ಹೊತ್ತು ತರುತ್ತಿತ್ತು. ಹೊರಗಿನ ಗಾಳಿಗೆ ಅದರ ನೀರಿನಂಶ ಆರಿ ಸಕ್ಕರೆಯ ಸಣ್ಣ ಹರಳುಗಳಾಗುತ್ತಿತ್ತು. ತಳ್ಳಿದಾಗ ಆ ಹರಳುಗಳು ರಿಂಗನ್ನು ಉಪ್ಪುಕಾಗದದಂತೆ ಉಜ್ಜಿ ಗೀರು ಮಾಡುತ್ತಿದ್ದವು. ಆ ಗೀರಿನಲ್ಲಿ ಇನ್ನಷ್ಟು ಜೋನಿ ಬಂದು, ನಾಲ್ಕು ದಿನ ಮುಟ್ಟದೆ ಬಿಟ್ಟರೆ ಇಡೀ ಕೊಳವೆ ಅಂಟುಹಾಕಿದಂತೆ ಕಚ್ಚಿಕೊಳ್ಳುತ್ತಿತ್ತು. ನೀರಿನಲ್ಲಿ ನೂರು ಸಲವಲ್ಲ, ಸಾವಿರ ಸಲ ಪರೀಕ್ಷಿಸಿದ್ದರೂ ಇದು ಕಾಣುತ್ತಿರಲಿಲ್ಲ, ಏಕೆಂದರೆ ನೀರು ಆರಿದರೆ ಏನೂ ಉಳಿಯುವುದಿಲ್ಲ.

ಕೊಪ್ಪರಿಗೆಯ ಬಳಿ ಪಾಕ ನೋಡುತ್ತಿದ್ದ ಹಿರಿಯರೊಬ್ಬರು ಬಂದು ಬಿಚ್ಚಿದ ಕೊಳವೆಯನ್ನು ತಿರುಗಿಸಿ ನೋಡಿದರು. ಜೋನಿಯನ್ನು ಸುಮಾರು 105 ಡಿಗ್ರಿಯಲ್ಲಿ, ಅಚ್ಚುಬೆಲ್ಲದ ಪಾಕಕ್ಕಿಂತ ಮುಂಚೆಯೇ, ಒಲೆಯಿಂದ ಇಳಿಸುವುದು, ಹರಳುಗಟ್ಟದಿರಲೆಂದು ಒಂದಿಷ್ಟು ಸಿಟ್ರಿಕ್ ಆಮ್ಲ ಬೆರೆಸುವುದು ಅವರ ಕೆಲಸ. “ಜೋನಿಗೆ ಎಲ್ಲಿ ಗಾಳಿ ತಾಕ್ತದೋ ಅಲ್ಲಿ ಕಲ್ಲಾಯ್ತದೆ ಕಣಪ್ಪ, ಅದನ್ನ ಹೊರಗೂ ಒಳಗೂ ಓಡಾಡಿಸ್ಬಾರ್ದು” ಎಂದರು. ಅವರ ಮಟ್ಟಿಗೆ ಅದು ಗೊತ್ತಿರುವ ಸಂಗತಿ, ಹೇಳಿ ಮತ್ತೆ ಕೊಪ್ಪರಿಗೆಯ ಕಡೆಗೆ ಹೋದರು. ನಾನು ಮಾತ್ರ ಆ ದಿನ ಮಧ್ಯಾಹ್ನದವರೆಗೂ ಅದೇ ಮಾತಿನ ಹಿಂದೆ ಇದ್ದೆ. ಒಳಸರಿಯುವುದು ಎಂದರೆ ಜಾರುವುದು ಎಂದು ನಾನೇ ಅಂದುಕೊಂಡಿದ್ದೆನೇ ಹೊರತು ಯಾರೂ ಹಾಗೆ ಕೇಳಿರಲಿಲ್ಲ. ಜಾರುವ ಮೈ ಒದ್ದೆಯಾಗಬಾರದು, ಅಥವಾ ಒದ್ದೆಯಾಗುವ ಮೈ ಜಾರಬಾರದು.

ಕಚ್ಚಿಕೊಳ್ಳದೆ ಉಳಿದಿದ್ದ ನಾಲ್ಕನೆಯ ಕ್ಯಾನಿನಲ್ಲಿ ಹರಿವನ್ನು ಅಳೆದೆವು. ಬೆಳಗಿನ ತಂಪಿನಲ್ಲಿ ಒಂದು ಲೀಟರು ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು, ಯಜಮಾನರ ಮಗಳು ಪಾತ್ರೆಯನ್ನು ಕೈ ಬದಲಾಯಿಸಿ ಹಿಡಿಯಬೇಕಾಯಿತು. ನನ್ನ ಕೊಳವೆಯ ಒಳವ್ಯಾಸ 12 ಮಿಲಿಮೀಟರ್. ಇಂಥ ದಪ್ಪ ದ್ರವ ಕೊಳವೆಯಲ್ಲಿ ಹರಿಯುವ ಪ್ರಮಾಣ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ವ್ಯಾಸ ಎರಡರಷ್ಟಾದರೆ ಹರಿವು ಹದಿನಾರರಷ್ಟು. ಪಾಠದಲ್ಲಿ ಓದಿದ್ದನ್ನು ಮರೆತು, ನಲ್ಲಿ ಪುಟ್ಟದಾಗಿ ಚೆಂದವಾಗಿ ಕಾಣಲೆಂದು ಕೊಳವೆಯನ್ನು ಸಣ್ಣದು ಮಾಡಿದ್ದೆ. ಅಷ್ಟರಲ್ಲಿ ಹರಿವು ಎಳೆಯಾಗಿ, ದಾರವಾಗಿ, ನಿಂತೇ ಹೋಯಿತು. ಕ್ಯಾನಿನ ಪಕ್ಕೆಗಳು ಒಳಕ್ಕೆ ಸೆಳೆದುಕೊಂಡಿದ್ದವು. ಮೇಲಿನ ಮುಚ್ಚಳ ಸಡಿಲಿಸಿದೊಡನೆ ಗಾಳಿ ಒಳನುಗ್ಗಿ ಮತ್ತೆ ಹರಿಯಿತು. ಕಾರ್ಖಾನೆಯಲ್ಲಿ ನಾವು ಯಾವಾಗಲೂ ಮುಚ್ಚಳ ತೆರೆದೇ ನೋಡಿದ್ದೆವು. ಇನ್ನು, ಬಾಯಿಯ ಕೆಳಂಚು ತಳದಿಂದ 25 ಮಿಲಿಮೀಟರ್ ಎತ್ತರದಲ್ಲಿದ್ದುದರಿಂದ ಕ್ಯಾನು ಸಮತಟ್ಟಾಗಿ ಕೂತಿರುವಾಗ ಒಂದೂವರೆ ಲೀಟರಿಗೂ ಹೆಚ್ಚು ಜೋನಿ ತಳದಲ್ಲೇ ಉಳಿಯುತ್ತಿತ್ತು, ಅಂದರೆ ಎರಡು ಕಿಲೋಗೂ ಮೀರಿದ ಬೆಲ್ಲ. “ಇದು ನಮ್ಮ ಪಾಲೋ ನಿಮ್ಮ ಪಾಲೋ?” ಎಂದು ಯಜಮಾನರು ಆಗ ಮೊದಲ ಬಾರಿಗೆ ನಕ್ಕರು.

ಊಟಕ್ಕೆ ಕೂತಾಗ ಒಂದು ಸಣ್ಣ ಸಂಗತಿ ನಡೆಯಿತು. ಕೈ ತೊಳೆಯಲು ಎದ್ದಾಗ ನನ್ನ ಅಂಗಿಯ ತೋಳನ್ನು ಮಡಿಸಿಕೊಂಡಿದ್ದನ್ನು ಬಿಡಿಸಿದೆ. ಮಡಿಚುವಾಗ ತೋಳಿನ ಬಟ್ಟೆ ಜಾರುವುದಿಲ್ಲ, ಒಳಮಗ್ಗುಲು ಹೊರಗಾಗಿ ಮಗುಚಿಕೊಳ್ಳುತ್ತದೆ. ಇದನ್ನು ದೊಡ್ಡ ಸಾಕ್ಷಾತ್ಕಾರವೆಂದು ಹೇಳಿಕೊಳ್ಳಲು ನನಗೆ ಸಂಕೋಚ. ಮೋಟಾರು ವಾಹನಗಳ ಗೇರಿನ ಬುಡದಲ್ಲಿರುವ ರಬ್ಬರ್ ಟೊಪ್ಪಿಗೆಯಿಂದ ಹಿಡಿದು ಈ ಉಪಾಯ ಎಲ್ಲೆಡೆ ಇದೆ. ಆದರೂ ಮೈಸೂರಿಗೆ ಹಿಂದಿರುಗುವ ದಾರಿಯಲ್ಲಿ, ಶ್ರೀರಂಗಪಟ್ಟಣದ ಬಳಿ ಗಾಡಿ ನಿಲ್ಲಿಸಿ, ಬಿಲ್ಲಿನ ಹಿಂಬದಿಯಲ್ಲಿ ನಕ್ಷೆ ಬರೆದೆ.

ಎರಡನೆಯ ವಿನ್ಯಾಸದಲ್ಲಿ ನಲ್ಲಿ ಜಾರುವುದಿಲ್ಲ. ಗೂಡಿನ ಹಿಂಗೋಡೆಗೂ ನಲ್ಲಿಗೂ ನಡುವೆ 24 ಮಿಲಿಮೀಟರ್ ಒಳವ್ಯಾಸದ, ಆಹಾರಕ್ಕೆ ತಕ್ಕ ಸಿಲಿಕೋನಿನ ಸುಕ್ಕುಗತ್ತು, ಅಂದರೆ ಮಡಿಕೆ ಮಡಿಕೆಯಾಗಿರುವ ಮೆತ್ತನೆಯ ಕೊಳವೆ. ತಳ್ಳಿದರೆ ಮಡಿಕೆಗಳು ಒಂದರ ಮೇಲೊಂದು ಕೂರುತ್ತವೆ, ಎಳೆದರೆ ಬಿಚ್ಚಿಕೊಳ್ಳುತ್ತವೆ. ಜೋನಿ ಕತ್ತಿನ ಒಳಮೈಯನ್ನು ಮಾತ್ರ ಮುಟ್ಟುತ್ತದೆ, ಗಾಳಿ ಹೊರಮೈಯನ್ನು ಮಾತ್ರ. ಎರಡೂ ಎಲ್ಲಿಯೂ ಸೇರುವುದಿಲ್ಲ. ಮುಚ್ಚುವ ಬಿಲ್ಲೆಯನ್ನು ಬಾಯಿಯ ತುದಿಗೇ ತಂದೆ, ಮುಚ್ಚಿದ ಮೇಲೆ ಹೊರಗುಳಿಯುವ ಜೋನಿ ಒಂದು ಹನಿಗಿಂತ ಹೆಚ್ಚಾಗದಂತೆ. ಆದರೆ ಮೊದಲನೆಯದರಲ್ಲಿದ್ದ ಒಂದು ಗುಣ ಇಲ್ಲಿ ಕಳೆದುಹೋಯಿತು: ತಳ್ಳಿದರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಅವಸರದಲ್ಲಿ ತೆರೆದ ನಲ್ಲಿಯನ್ನೇ ಒಳಗೆ ತಳ್ಳಿ ಲಾರಿ ಹತ್ತಿಸುವವರು ಇದ್ದೇ ಇರುತ್ತಾರೆ. ಅದಕ್ಕಾಗಿ ಗೂಡಿಗೊಂದು ಬಾಗಿಲು ಕೊಟ್ಟು, ನಲ್ಲಿ ತೆರೆಯುವ ಹಿಡಿಯನ್ನು ಬೇಕೆಂದೇ ಉದ್ದ ಮಾಡಿದೆ. ತೆರೆದ ಸ್ಥಿತಿಯಲ್ಲಿ ಅದು ಅಡ್ಡ ನಿಂತು ಬಾಗಿಲು ಮುಚ್ಚಗೊಡುವುದಿಲ್ಲ. ನಿಂತ ಕ್ಯಾನಿನಲ್ಲಿ ದ್ರವದ ಭಾರ ಆ ಕತ್ತನ್ನು ಹೊರಕ್ಕೆ ದೂಡುವ ಬಲ ಇನ್ನೂರು ಗ್ರಾಂ ತೂಕದಷ್ಟೂ ಇಲ್ಲ; ಆದರೆ ಕ್ಯಾನು ಎತ್ತರದಿಂದ ಬಿದ್ದಾಗ ಅದು ಎಷ್ಟೋ ಪಾಲು ಹೆಚ್ಚುವುದರಿಂದ ಬಾಗಿಲಿನ ಕೊಕ್ಕೆಯನ್ನು ಮೂರು ಸಲ ಬದಲಾಯಿಸಬೇಕಾಯಿತು. ಕ್ಯಾನಿನ ತಳವನ್ನು ಗೂಡಿನ ಕಡೆಗೆ ಇಳಿಜಾರು ಮಾಡಿದೆವು. ಮೇಲಿನ ಮುಚ್ಚಳಕ್ಕೆ ಗಾಳಿಯಾಡಲು ಒಂದು ಪುಟ್ಟ ತಿರುಪು ಬಂತು.

ಈ ಸಲ ನಾನು ನೀರಿನಲ್ಲಿ ಪರೀಕ್ಷಿಸಲಿಲ್ಲ. ಜೋನಿಯನ್ನೇ ತುಂಬಿಸಿಕೊಂಡು ಬಂದು, ದಿನಕ್ಕೆ ಹತ್ತು ಸಲದಂತೆ ಮೂರು ವಾರ ಎಳೆದು ತಳ್ಳಿ, ರಾತ್ರಿ ಕಾರ್ಖಾನೆಯ ಹಿಂದಿನ ಹೊಂಗೆಮರದ ಬುಡದಲ್ಲಿ, ಇರುವೆಗೂಡಿನ ಪಕ್ಕದಲ್ಲೇ ಇರಿಸಿದೆ. ಕೆಲಸಗಾರರು ಬೆಳಗ್ಗೆ ಬಂದೊಡನೆ ಮೊದಲು ನೋಡುತ್ತಿದ್ದುದು ಅದನ್ನೇ. ನಲ್ಲಿಯ ಬಾಯಿಯಲ್ಲಿ ಉಳಿದ ಹನಿಗೆ ಒಂದೆರಡು ಇರುವೆ ಬಂದು ಹೋಗುತ್ತಿದ್ದವು, ಬಾಯಿಗೊಂದು ಟೋಪಿ ಕೊಟ್ಟ ಮೇಲೆ ಅದೂ ನಿಂತಿತು. ಮತ್ತೆ ಆಲೆಮನೆಗೆ ಕೊಂಡೊಯ್ದ ಆರು ಕ್ಯಾನುಗಳ ನಲ್ಲಿಗಳನ್ನು ತಿಂಗಳಾದ ಮೇಲೆ ಯಜಮಾನರ ಮಗಳು ಒಂದೇ ಕೈಯಲ್ಲಿ ಎಳೆದು ತೋರಿಸಿದಳು. ಯಜಮಾನರು ಮಾತ್ರ ಬಗ್ಗಿ ಕ್ಯಾನಿನ ಮೇಲ್ಭಾಗವನ್ನು ನೋಡುತ್ತಿದ್ದರು. ಗಾಳಿಯ ತಿರುಪಿನ ಸುತ್ತ, ಕೆಂಪಗೆ, ಸಣ್ಣದೊಂದು ಸಾಲು ಹತ್ತಿತ್ತು.